ಸದ್ದು ಅಡಗಿದ ಎಂಜಿನ್

ಹುತ್ರಿದುರ್ಗದ ಸುತ್ತಿನ ಊರುಗಳಲ್ಲಿ ಗಂಗರಾಜುವಿನ ವ್ಯಾನಿನ ಸದ್ದು ಕೇಳಿದ ಮೇಲೆಯೇ ಹೆಂಗಸರು ಬುತ್ತಿಗೆ ಮುಚ್ಚಳ ಹಾಕುತ್ತಿದ್ದರು. ಅವರನ್ನು ಬೆಳಗ್ಗೆ ಕುಣಿಗಲ್ ಹೊರಗಿನ ಗಾರ್ಮೆಂಟ್ಸ್‌ಗೆ ಬಿಟ್ಟು ಸಂಜೆ ವಾಪಸ್ ಕರೆತರುವುದು ಅವನ ಕೆಲಸ. ವ್ಯಾನು ಕೊಂಡದ್ದು ಮದುವೆಯಾದ ಮರುವರ್ಷ. ಈಗ ಮಗಳು ಪೂಜಾ ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಐವತ್ತು ದಾಟಿದ ಗಂಗರಾಜುವಿಗೆ ಕುಡಿತವಿಲ್ಲ, ಇಳಿಜಾರಿನಲ್ಲಿ ಗೇರು ತೆಗೆದು ಗಾಡಿ ಬಿಡುವ ಚಟವಿಲ್ಲ. ಗಂಗಣ್ಣನ ಗಾಡಿಯಲ್ಲಿ ಹೋದರೆ ಮನೆಗೆ ಬಂದ ಹಾಗೆಯೇ ಎಂದು ಜನ ಹೇಳುತ್ತಿದ್ದರು. ಬೇರೆ ವ್ಯಾನುಗಳು ಹೊಸದಾಗಿದ್ದರೂ ಗಂಡಂದಿರು ಹೆಂಡತಿಯರನ್ನು, ಅತ್ತೆಯರು ಸೊಸೆಯರನ್ನು ಇವನ ಗಾಡಿಗೇ ಹತ್ತಿಸುತ್ತಿದ್ದರು.

ಆ ವ್ಯಾನಿನ ಎಂಜಿನ್ ಇರುವುದು ಡ್ರೈವರ್ ಸೀಟಿನ ಪಕ್ಕದಲ್ಲೇ, ರೆಕ್ಸಿನ್ ಹೊದಿಸಿದ ತಗಡಿನ ಡಬ್ಬದೊಳಗೆ. ಡಬ್ಬದ ಮೇಲೆ ಕೂರುವ ಹಕ್ಕು ಪುಟ್ಟತಾಯಮ್ಮನದು. ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುವ ಆಕೆಗೆ ಮಂಡಿನೋವು. ಕೆಳಗಿನ ಬಿಸಿ ಹಿತವಾಗುತ್ತದೆಂದು ಬೇರೆ ಯಾರನ್ನೂ ಅಲ್ಲಿ ಕೂರಗೊಡುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವ್ಯಾನಿನ ಹಿಂದೆ ನೀಲಿ ಹೊಗೆ ಕಾಣಿಸಿತು. ಆಮೇಲೆ ಡಬ್ಬದೊಳಗಿನಿಂದ ಕಟಕಟ ಸದ್ದು ಶುರುವಾಯಿತು. ಗಂಗರಾಜು ಗಾಡಿಯನ್ನು ಗುಬ್ಬಿಗೆ, ಬಾಲ್ಯದ ಗೆಳೆಯ ತಿಪ್ಪಯ್ಯನ ಗ್ಯಾರೇಜಿಗೆ ಒಯ್ದ.

ತಿಪ್ಪಯ್ಯ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದ. ಅಲ್ಲಿಂದ ಹೊಗೆ ಪುಸುಪುಸು ಎಂದು ಬಂತು. ಎಂಜಿನ್ ಓಡುತ್ತಿದ್ದಂತೆಯೇ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬಹಳ ಹೊತ್ತು ಕೇಳಿದ.

"ಏನ್ಲಾ ಗಂಗ, ಇಷ್ಟು ದಿನ ಕಿವಿಗೆ ಹತ್ತಿ ಇಟ್ಕೊಂಡಿದ್ದಾ?"

"ಒಳಗೆ ಕೆರೆಸಿ ಬೋರ್ ಮಾಡ್ಸಿದ್ರೆ ಸರಿಹೋಯ್ತದೆ ಬುಡು."

"ಒಂದ್ಸಲ ಅಲ್ಲ, ಎರಡ್ಸಲ ಮಾಡ್ಸಾಗಿದೆ. ಇನ್ನೊಂದ್ಸಲ ಕೆರೆಯೋಕೆ ಒಳಗೆ ಕಬ್ಬಿಣನೇ ಇಲ್ಲ. ಎಂಜಿನ್ನೇ ಬದಲಾಯ್ಸು. ಇದು ಒಂದಿನ ಓಡ್ತಾ ಓಡ್ತಾನೇ ಹಿಡ್ಕೊಂಡ್‌ಬುಡ್ತದೆ ಕಣೋ. ಹಿಡ್ಕೊಂಡ್ರೆ ಬ್ರೇಕ್ ಪೆಡಲ್ಲೂ ಕಲ್ಲಾಯ್ತದೆ, ಸ್ಟೇರಿಂಗೂ ತಿರುಗಲ್ಲ. ಎಲ್ಲಾ ಎಂಜಿನ್ ಬಲದಲ್ಲೇ ಅಲ್ವಾ ನಡಿಯೋದು? ನಿಮ್ಮೂರಿನ ಇಳಿಜಾರು ನಂಗೂ ಗೊತ್ತು."

ಹೀಗೆ ಹೇಳಿದ ತಿಪ್ಪಯ್ಯನೇ ದಾರಿಯನ್ನೂ ತೋರಿಸಿದ. ಅದೇ ಮಾದರಿಯ ವ್ಯಾನಿನ ಎಂಜಿನ್ ಒಂದು ತುಮಕೂರಿನ ಗುಜರಿ ಯಾರ್ಡಿಗೆ ಬಂದಿತ್ತು. ಹೆಚ್ಚು ಓಡಿರದ ಎಂಜಿನ್. ಇಬ್ಬರೂ ಹೋಗಿ ನೋಡಿದರು. ಯಾರ್ಡಿನ ಅಂಜನ್‌ಕುಮಾರ್ ಅದನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಬ್ಯಾಟರಿಗೆ ತಗುಲಿಸಿ ಸ್ಟಾರ್ಟ್ ಮಾಡಿದ. ಒಂದೇ ಏಟಿಗೆ ಚಾಲೂ ಆಯಿತು. ಪಕ್ಕದಲ್ಲಿ ನಿಂತು ಮಾತಾಡಿದರೆ ಮಾತು ಕೇಳುವಷ್ಟು ಮೆತ್ತಗೆ ಓಡಿತು.

"ಗಾಡಿ ಯಾವ್ದಪ್ಪ ಇದು?" ಗಂಗರಾಜು ಕೇಳಿದ.

"ಹೈವೇಲಿ ನಿಂತಿತ್ತು ಅಣ್ಣ, ಹಿಂದಿನಿಂದ ಲಾರಿ ಗುದ್ದಿದ್ದು. ಮುಂದೆ ಒಂದು ಗೀರೂ ಇಲ್ಲ."

"ಜನ?"

ಅಂಜನ್‌ಕುಮಾರ್ ಸ್ವಿಚ್ ಆಫ್ ಮಾಡಿದ. "ಹಿಂದಿನ ಸೀಟಲ್ಲಿದ್ದೋರು ಉಳೀಲಿಲ್ಲ. ಎಂಜಿನ್ಗೂ ಅದಕ್ಕೂ ಏನಣ್ಣ ಸಂಬಂಧ?"

ಎಂಜಿನ್‌ ಎತ್ತುವ ಕೊಕ್ಕೆಗೆ ಕಪ್ಪುದಾರದಲ್ಲಿ ತಾಯತ ಕಟ್ಟಿತ್ತು. ಅಂಥದ್ದೇ ತಾಯತವನ್ನು, ಅಂಥದ್ದೇ ಜಾಗಕ್ಕೆ, ಗಂಗರಾಜು ಪ್ರತಿ ಆಯುಧಪೂಜೆಯಲ್ಲೂ ಕಟ್ಟುತ್ತಾನೆ. ಆಯಿಲ್ ಕುಡಿದು ಕಪ್ಪಾಗಿದ್ದ ಆ ಗಂಟನ್ನು ಅವನು ಮುಟ್ಟಲಿಲ್ಲ.

ಸತ್ತವರ ಗಾಡಿಯ ಸಾಮಾನನ್ನು ಬದುಕಿರುವ ಗಾಡಿಗೆ ಹಾಕಬಾರದೆಂಬುದು ಆ ಕಡೆಯ ಡ್ರೈವರುಗಳ ನಡುವೆ ಇರುವ ಮಾತು. ತಿಪ್ಪಯ್ಯ ಇದನ್ನು ನಂಬುವವನಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದ. "ಸತ್ತಿರೋದು ಜನ ಕಣ್ಲಾ, ಎಂಜಿನ್ ಅಲ್ಲ. ನಿನ್ನ ಗಾಡೀಲಿ ಜನ ಚೆನ್ನಾಗವ್ರೆ, ಎಂಜಿನ್ ಸಾಯ್ತಾ ಇದೆ."

ಗಂಗರಾಜು ಊರಿನ ಮಾರಮ್ಮನ ಗುಡಿಗೆ ಹೋಗಿ ಹೂವು ಕೇಳಿದ. ಒದ್ದೆ ಮಾಡಿದ ಕಣಗಿಲೆ ಹೂಗಳನ್ನು ಪೂಜಾರಿ ಅಮ್ಮನ ಮೈಗೆ ಅಂಟಿಸಿದ. ಮನಸ್ಸಿನಲ್ಲಿ ಕೇಳಿಕೊಂಡದ್ದಕ್ಕೆ ಬಲಗಡೆಯ ಹೂವು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಯಾರ್ಡಿನ ಎಂಜಿನ್ ಹಾಕಿಸಲೇ ಎಂದು ಅವನು ಕೇಳಿಕೊಂಡ. ಬಹಳ ಹೊತ್ತು ಯಾವ ಹೂವೂ ಅಲುಗಲಿಲ್ಲ. ಕೊನೆಗೆ ಬಿದ್ದದ್ದು ಎಡಗಡೆಯದು.

ಮನೆಗೆ ಬಂದವನ ಮುಖ ನೋಡಿಯೇ ಹೆಂಡತಿ ನೇತ್ರಾವತಿಗೆ ತಿಳಿಯಿತು.

"ಅಮ್ಮ ಬ್ಯಾಡ ಅಂದ್ಲಾ?"

"ಹೂಂ. ಇರೋದ್ರಲ್ಲೇ ಓಡ್ಸೋದು."

"ಇರೋದ್ರಲ್ಲೇ ಓಡ್ಸಿ ಅಂತ ಅಮ್ಮ ಹೇಳಿದ್ಲಾ? ಅದನ್ನ ಕೇಳಿದ್ರಾ?"

"ನಮ್ಮ ಗಾಡಿ ಬಗ್ಗೆ ಕೇಳೋದೇನಿದೆ?"

ನೇತ್ರಾವತಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ನಾಳೆ ಹೋಗಿ ಅದನ್ನೂ ಕೇಳ್ಕೊಂಡ್ ಬನ್ನಿ."

ಅವನು ಹೋಗಲಿಲ್ಲ. ಒಮ್ಮೆ ಹೂವು ಸಿಕ್ಕ ಮೇಲೆ ಮತ್ತೆ ಕೇಳುವುದು ಅಮ್ಮನನ್ನು ಪರೀಕ್ಷೆ ಮಾಡಿದಂತೆ ಎಂದ. ಎಡಗಡೆಯ ಹೂವೇ ಇನ್ನೊಮ್ಮೆ ಬಿದ್ದರೆ ಏನು ಮಾಡುವುದೆಂಬ ಯೋಚನೆಯೂ ಒಳಗೊಳಗೇ ಇತ್ತು.

ಕುಣಿಗಲ್‌ನ ಅಂಗಡಿಯಲ್ಲಿ ಗಟ್ಟಿ ಆಯಿಲ್ ಸಿಗುತ್ತದೆ. ಹಳೆಯ ಗಾಡಿ ಮಾರುವವರು ಗಿರಾಕಿ ಬರುವ ಮುಂಚೆ ಇದನ್ನು ತುಂಬುತ್ತಾರೆ. ಸವೆದ ಭಾಗಗಳ ನಡುವಿನ ಸಂದು ತುಂಬಿ ಸದ್ದು ಅಡಗುತ್ತದೆ. ತಿಪ್ಪಯ್ಯ ಫೋನಿನಲ್ಲಿ ಬೇಡವೆಂದ. ಗಂಗರಾಜು ಹಾಕಿಸಿದ. ಮಾರನೆಯ ಬೆಳಗ್ಗೆ ವ್ಯಾನು ಊರ ಬಾಗಿಲಿಗೆ ಬಂದು ನಿಂತರೂ ಹೆಂಗಸರಿಗೆ ತಿಳಿಯಲಿಲ್ಲ. ಹಾರ್ನ್ ಹೊಡೆಯಬೇಕಾಯಿತು.

"ಗಂಗಣ್ಣಾ, ಗಾಡಿಗೇನು ಮಾತು ಬಿದ್ದೋಯ್ತಾ?" ಭೂಮಿಕಾ ನಗುತ್ತಾ ಹತ್ತಿದಳು. ವ್ಯಾನಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಎಲ್ಲರಿಗಿಂತ ದೊಡ್ಡದು.

"ನಿನ್ಗೆ ಯಾವಾಗ ಬೀಳುತ್ತೋ ಕಾಯ್ತಿದೀನಿ ಕಣಮ್ಮಿ," ಎಂದಳು ಪುಟ್ಟತಾಯಮ್ಮ. ವ್ಯಾನು ತುಂಬ ನಗು.

ಗಂಗರಾಜುವೂ ನಕ್ಕ. ಸದ್ದು ನಿಂತದ್ದನ್ನು ಅವನು ಅಮ್ಮನ ಮಾತಿಗೆ ಸಿಕ್ಕ ರುಜುವಾತೆಂದುಕೊಂಡ. ಡ್ಯಾಶ್‌ಬೋರ್ಡಿನ ಆಯಿಲ್ ಸರಿಯಾಗಿ ಹರಿಯದಿದ್ದರೆ ಹತ್ತುವ ಕೆಂಪು ದೀಪ ಮಾತ್ರ ಬೆಳಗಿನ ಚಳಿಯಲ್ಲಿ ಆರಲು ತಡಮಾಡುತ್ತಿತ್ತು. ವೈರು ಸಡಿಲವಾಗಿರಬೇಕೆಂದು ಬೆರಳಿನಿಂದ ತಟ್ಟುತ್ತಿದ್ದ.

ಕಾರ್ತಿಕ ಕಳೆದ ಮೇಲೆ ಒಂದು ಬೆಳಗ್ಗೆ, ಊರು ಬಿಟ್ಟು ಏರು ಹತ್ತಿ ಮುಗಿಸುವಷ್ಟರಲ್ಲಿ ಪುಟ್ಟತಾಯಮ್ಮ ಡಬ್ಬದ ಮೇಲಿಂದ ಎದ್ದಳು.

"ಇದೇನ್ಲಾ ಗಂಗ, ರೊಟ್ಟಿ ಹಂಚಿನ ಮೇಲೆ ಕೂರ್ಸಿದೀಯ? ಸುಡ್ತೈತೆ!"

"ಏರು ಹತ್ತಿದ್ದಕ್ಕೆ ಅಕ್ಕ. ಇಳಿಜಾರಲ್ಲಿ ತಣ್ಗಾಯ್ತದೆ. ಆ ಕಡೆ ಕೂತ್ಕೊ."

ಭೂಮಿಕಾ ಹಿಂದಕ್ಕೆ ಸರಿದು ಎಡಬಾಗಿಲ ಪಕ್ಕದ ಸೀಟು ಬಿಟ್ಟುಕೊಟ್ಟಳು. ಪುಟ್ಟತಾಯಮ್ಮ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕುಳಿತಳು.

ಇಳಿಜಾರಿನ ತಿರುವಿಗೆ ಸ್ವಲ್ಪ ಮೊದಲು ಕೆಂಪು ದೀಪ ಹತ್ತಿತು. ಗಂಗರಾಜು ತಟ್ಟಿದ. ಆರಲಿಲ್ಲ. ಡಬ್ಬದೊಳಗೆ ಏನೋ ಒಮ್ಮೆ ಕಿರುಚಿ ಹಿಡಿದುಕೊಂಡಿತು. ಚಕ್ರಗಳು ಎಳೆದುಕೊಂಡು ಗಾಡಿ ಓಲಾಡಿತು. ಅವನು ಕ್ಲಚ್ ತುಳಿದ. ಗಾಡಿ ಬಿಡಿಸಿಕೊಂಡು ಸದ್ದಿಲ್ಲದೆ ಇಳಿಯತೊಡಗಿತು. ಬ್ರೇಕ್ ಪೆಡಲ್ ಪಾದದಡಿ ಕಲ್ಲಾಗಿತ್ತು. ತಿಪ್ಪಯ್ಯ ಹೇಳಿದ ಅದೇ ಕಲ್ಲು. ಹ್ಯಾಂಡ್‌ಬ್ರೇಕ್ ಎಳೆದ, ಎದ್ದು ನಿಂತು ಪೆಡಲ್ ತುಳಿದ, ಎರಡು ಕೈಯಿಂದ ಸ್ಟೇರಿಂಗ್ ಜಗ್ಗಿದ. ಬಲಗಡೆ ಕಣಿವೆ. ಗಾಡಿಯನ್ನು ಎಡಕ್ಕೆ, ಬಂಡೆಯ ಕಡೆಗೆ ಎಳೆದ. ಬಂಡೆಗೆ ಉಜ್ಜಿಕೊಂಡೇ ಅದು ನಿಂತಿತು. ಎಡಬಾಗಿಲು ಒಳಕ್ಕೆ ಬಂದಿತ್ತು.

ಉಳಿದವರಿಗೆ ತರಚಿದ ಗಾಯ. ಪುಟ್ಟತಾಯಮ್ಮನನ್ನು ಕುಣಿಗಲ್‌ನಿಂದ ತುಮಕೂರಿನ ಆಸ್ಪತ್ರೆಗೆ ಕಳಿಸಿದರು. ಅಂದಿನಿಂದ ಆಕೆ ಕಣ್ಣು ಬಿಟ್ಟಿಲ್ಲ. ಗಂಗರಾಜು ಪ್ರತಿದಿನ ಬಸ್ಸಿನಲ್ಲಿ ಬಂದು ಐಸಿಯು ಮುಂದಿನ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಾನೆ. ಇನ್ನೊಂದು ತುದಿಯಲ್ಲಿ ಪುಟ್ಟತಾಯಮ್ಮನ ಮಗಳು ಮಂಜುಳಮ್ಮ.

ಅಲ್ಲಿ ಕೂತಿದ್ದಾಗಲೇ ಒಂದು ಮಧ್ಯಾಹ್ನ ಫೋನ್ ಬಂತು. ಗುಬ್ಬಿಯ ಯಾರೋ ಡ್ರೈವರ್.

"ಅಣ್ಣಾ, ಕುಣಿಗಲ್ ಪೊಲೀಸ್ ಸ್ಟೇಷನ್ ಹತ್ರ ನಿಮ್ಮ ವ್ಯಾನ್ ನೋಡ್ದೆ. ಪೊಲೀಸ್ನೋರು ಗಾಡಿ ಬಿಟ್ಟ ಮೇಲೆ ಗೇರ್‌ಬಾಕ್ಸ್ ನಂಗೇ ಕೊಡಿ. ಆಮೇಲೆ... ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅದ್ರಲ್ಲಿ ಯಾರಾದ್ರೂ ತೀರ್ಕೊಂಡವ್ರಾ?"

ಗಂಗರಾಜು ಬೆಂಚಿನ ಆ ತುದಿಯ ಕಡೆ ನೋಡಲಿಲ್ಲ.

"ಇನ್ನೂ ಇಲ್ಲ," ಎಂದ.

"ಇನ್ನೂ ಅಂದ್ರೆ?"

ಐಸಿಯು ಬಾಗಿಲು ತೆರೆಯಿತು. ನರ್ಸ್ ಹೊರಗೆ ತಲೆ ಹಾಕಿ, ಪುಟ್ಟತಾಯಮ್ಮನ ಕಡೆಯವರು ಯಾರೆಂದು ಕೇಳಿದಳು. ಮಂಜುಳಮ್ಮ ಎದ್ದಳು. ಗಂಗರಾಜುವೂ ಎದ್ದ, ಕೈಯಲ್ಲಿದ್ದ ಫೋನು ಅಣ್ಣಾ, ಅಣ್ಣಾ ಎನ್ನುತ್ತಲೇ ಇತ್ತು.