ಬಾರದೇ ಹೋದ ಎರಡೂವರೆ

ಅಮೆರಿಕದ ಕ್ಯಾರಿ ಪಟ್ಟಣದ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಫೈಲುಗಳ ಬ್ಯಾಕಪ್ ನೋಡಿಕೊಳ್ಳುತ್ತಿದ್ದ ಧಾರವಾಡದ ಹಿರಿಯರೊಬ್ಬರು, ಇಷ್ಟು ಹೊತ್ತಿಗೆ ಊಟಕ್ಕೆ ಹೋಗೋಣ ಎಂದು ಕರೆದರೂ ಕೇಳುತ್ತಿದ್ದರು: "ಆ ಹೊತ್ತು ಇರ್ತದೇನ್ರಿ?"

ಹೊಸಬನಾದ ನಾನು ಲ್ಯಾಬ್ ಫೈಲುಗಳ ಬ್ಯಾಕಪ್ಪನ್ನು ಭಾನುವಾರ ಬೆಳಗಿನ ಜಾವ ಎರಡೂವರೆಗೆ ಶೆಡ್ಯೂಲ್ ಮಾಡಿದಾಗಲೂ ಅದನ್ನೇ ಕೇಳಿದರು.

"ಇರದೆ ಎಲ್ಲಿಗ್ ಹೋಗುತ್ತೆ ಸಾರ್?" ಎಂದು ನಕ್ಕೆ.

ಬೇಸಿಗೆಗೆಂದು ಗಡಿಯಾರವನ್ನು ಒಂದು ತಾಸು ಮುಂದಿಡುವ ಮಾರ್ಚಿನ ಆ ಭಾನುವಾರ ಇಲ್ಲಿನ ಗಡಿಯಾರಗಳು ಬೆಳಗಿನ ಜಾವ ಎರಡರಿಂದ ನೇರ ಮೂರಕ್ಕೆ ಹಾರಿದವು. ಎರಡೂವರೆ ಬರಲೇ ಇಲ್ಲ, ಬ್ಯಾಕಪ್ಪೂ ಆಗಲಿಲ್ಲ. ಸೋಮವಾರ ಆ ಫೈಲುಗಳಿದ್ದ ಡಿಸ್ಕ್ ಕೆಟ್ಟಿತು. ಅವರು ಶನಿವಾರ ತಾವೇ ತೆಗೆದಿಟ್ಟಿದ್ದ ಕಾಪಿಯನ್ನು ಡ್ರಾಯರಿನಿಂದ ತೆಗೆದುಕೊಟ್ಟರು.

"ಹನ್ನೆರಡೂವರೆಗೆ ಊಟಕ್ಕೆ ಹೋಗೋಣ್ವಾ ಸಾರ್?" ಎಂದೆ. ಅವರು ಕೇಳುವ ಮೊದಲೇ ಗೋಡೆಯತ್ತ ನೋಡಿದೆ. ಅಲ್ಲಿನ ಗಡಿಯಾರ ಇನ್ನೂ ಒಂದು ತಾಸು ಹಿಂದಿತ್ತು. ಕುರ್ಚಿ ಹತ್ತಿ ಮುಳ್ಳು ತಿರುಗಿಸಿದೆ.

"ಈಗ ಇರ್ತದ, ನಡೀರಿ," ಎಂದರು.