ಹೆಬ್ಬೆರಳಿಗೆ ಜೋತುಬಿದ್ದ ರಾಡೆನ್ ಅಯು

ಸೋಲೋ ಪಟ್ಟಣದ ಆ ಗಲ್ಲಿಯಲ್ಲಿ ಗಂಡಸು ಎನ್ನಿಸಿಕೊಳ್ಳಬೇಕಾದರೆ ಮನೆ ಮುಂದೆ ಹಾಡುವ ಬೆಳವದ ಹಕ್ಕಿಯ ಪಂಜರವೊಂದು ತೂಗುತ್ತಿರಬೇಕು. ಮದುವೆಗಳಿಗೆ ಕುರ್ಚಿ ಬಾಡಿಗೆಗೆ ಕೊಡುವ ಹರ್ಜೋನೊ ಕೂಡ ಒಂದನ್ನು ಸಾಕಿದ್ದ. ಅದು ಇದ್ದಷ್ಟು ಕಾಲ ಬಾಯಿ ಬಿಡಲಿಲ್ಲ, ಹೋಗುವಾಗಲೂ ಸದ್ದಿಲ್ಲದೆ ಹೋಯಿತು. ಅವಮಾನ ತಾಳಲಾರದೆ ಹರ್ಜೋನೊ ಬೇಲಿ ಮೇಲಿನ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಂಡ. ಅಂದರೆ, ಹಾವು ತಂದ.

ಅದು ಬೆಕ್ಕಿನ ಕಣ್ಣಿನ ಹಾವು. ಕಾಡಂಚಿನವರೇ ಅಪರೂಪಕ್ಕೆ ಕಾಣುವ ಜಾತಿ. ಅದಕ್ಕವನು ಅರಮನೆಯ ಹೆಣ್ಣುಮಕ್ಕಳ ಬಿರುದನ್ನೇ ಹೆಸರಿಟ್ಟ: ರಾಡೆನ್ ಅಯು. ಕಂಡಕಂಡವರಿಗೆಲ್ಲ ಒಂದೇ ಪುರಾಣ. "ವಿಷದ ಹಲ್ಲು ಬಾಯಿ ಹಿಂದ್ಗಡೆ ಇರೋದು ಕಣ್ರೀ. ಕಚ್ಚಿದ್ರೆ ಏನಾಗಲ್ಲ, ಕೂತ್ಕೊಂಡು ಅಗೀಬೇಕು. ರಾಡೆನ್ ಅಯು ಅಷ್ಟು ಮರ್ಯಾದೆ ಬಿಟ್ಟೋಳಲ್ಲ."

ಅಕ್ಕಪಕ್ಕದವರು ತಮ್ಮ ಹಕ್ಕಿ ಪಂಜರಗಳನ್ನು ಒಳಗೆ ಸಾಗಿಸಿದರು. "ಹಾವಿಗೆ ಹೆದರಿದ್ರಾ?" ಎಂದು ಕೇಳಿದರೆ, "ಛೇ ಛೇ, ಎಲ್ಲಾದ್ರೂ ಉಂಟೇ ಹರ್ಜೋನೊ ಅಣ್ಣಾ! ಯಾಕೋ ಬಿಸಿಲು ಜಾಸ್ತಿ" ಎಂದರು. ಆಗ ಮಳೆಗಾಲ. ಸೋಲೋದವರು ಪ್ರಾಣ ಹೋದರೂ ಯಾರ ಮುಖಕ್ಕೂ ಒಲ್ಲೆ ಎನ್ನುವವರಲ್ಲ. ಹರ್ಜೋನೊ ಹುಟ್ಟಿದ್ದೂ ಅಲ್ಲೇ, ಆದರೂ ಆ ಮಾತನ್ನು ನಂಬಿದ. ಜಂಬ ಬಂದವನಿಗೆ ತಾಯಿನುಡಿಯೂ ಅರ್ಥವಾಗುವುದಿಲ್ಲ.

ಮಗಳು ನಿಂಗ್ರುಮ್‌ಳನ್ನು ಕೇಳಲು ಗಂಡಿನವರು ಬಂದ ದಿನವೂ ಹೀಗೇ ಆಯಿತು. ಹುಡುಗ, ಹುಡುಗಿ ಒಪ್ಪಿಯಾಗಿತ್ತು. ಹಿರಿಯರು ಮಾತಾಡಿ ಮದುವೆಯ ದಿನ ಗೊತ್ತು ಮಾಡುವುದಷ್ಟೇ ಬಾಕಿ. "ಇವತ್ತೊಂದಿನ ಆ ಹಾವಿನ ಸುದ್ದಿ ಎತ್ತಬೇಡಿ" ಎಂದು ಹೆಂಡತಿ ಸುಪಾರ್ಮಿ ಬೆಳಿಗ್ಗೆಯಿಂದ ಬೇಡಿಕೊಂಡಿದ್ದಳು. ಹುಡುಗನ ತಾಯಿ ಸುಲಾಸ್ತ್ರಿ ಉಪಚಾರಕ್ಕೆಂದು, "ಗಾಜಿನ ಪೆಟ್ಟಿಗೆ ತುಂಬಾ ಚೆನ್ನಾಗಿದೆ" ಎಂದುಬಿಟ್ಟರು. ಸರಿ, ಅಷ್ಟು ಸಾಕಾಯಿತು. ಹರ್ಜೋನೊ ಎದ್ದು ಹಾವನ್ನು ಕೈಗೆತ್ತಿಕೊಂಡ. ಸ್ವಲ್ಪ ಹೊತ್ತಿನ ಮುಂಚೆ ಅದಕ್ಕೆ ಹಲ್ಲಿ ಹಿಡಿದುಕೊಟ್ಟ ಕೈ ಅದು, ತೊಳೆದಿರಲಿಲ್ಲ.

ರಾಡೆನ್ ಅಯು ಹೆಬ್ಬೆರಳನ್ನು ಮೂಸಿದಳು, ಕಚ್ಚಿದಳು, ಅಗಿಯತೊಡಗಿದಳು.

ಹರ್ಜೋನೊ ನಕ್ಕ. ಬೀಗರ ಮುಂದೆ ಕೈ ಕೊಡವಿ ಕೂಗುವುದುಂಟೇ?

"ಅದು... ಕಚ್ತಾ ಇದೆಯಾ ಹೇಗೆ?" ಎಂದರು ಹುಡುಗನ ತಂದೆ ವಿದಗ್ದೊ, ಬಹಳ ಮೆತ್ತಗೆ.

"ಏನೂ ಇಲ್ಲ, ಏನೂ ಇಲ್ಲ. ಪ್ರೀತಿ ಜಾಸ್ತಿ ಇದಕ್ಕೆ. ಚಹಾ ತಗೊಳ್ಳಿ."

ಅವರು ಚಹಾ ತೆಗೆದುಕೊಂಡರು. ಈ ವರ್ಷದ ಮಳೆಯ ಬಗ್ಗೆ ಮಾತಾಡಿದರು. ಹಾವು ನಿಧಾನವಾಗಿ ಬಾಯಿಯನ್ನು ಮುಂದೆ ಸರಿಸಿ ಹಿಂದಿನ ಹಲ್ಲನ್ನೇ ಇಳಿಸಿತು. ಹೆಬ್ಬೆರಳು ಬಾಳೆಹಣ್ಣಿನಷ್ಟು ಊದಿತು. ಯಾರೊಬ್ಬರೂ ಕಂಡವರಂತೆ ತೋರಿಸಿಕೊಳ್ಳಲಿಲ್ಲ.

"ಬಾಪಾ! ಅದು ನಿಮ್ಮನ್ನ ತಿಂತಾ ಇದೆ! ನಿಮಗೆಲ್ಲಾ ಕಣ್ಣಿಲ್ವಾ?" ಒಳಗಿಂದ ಬಂದ ನಿಂಗ್ರುಮ್ ಕಿರುಚಿದಳು. ಚೊಂಬಿನ ತಣ್ಣೀರನ್ನು ಹಾವಿನ ಮೂತಿಗೆ ಸುರಿದಳು. ಹಾವು ಬಿಟ್ಟಿತು. ಅವಳು ಅದನ್ನು ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿದಳು.

ಬೀಗರು ಎದ್ದು ನಿಂತರು. "ದಿನ ಎಣಿಸಿ ನೋಡಿ ಹೇಳ್ತೀವಿ" ಎಂದರು ವಿದಗ್ದೊ. ಗಂಡು ಹೆಣ್ಣಿನ ಹುಟ್ಟಿದ ದಿನಗಳನ್ನು ಕೂಡಿಸಿ ಎಣಿಸಿ, ಕೂಡಿಬಂದಿದೆ ಎಂದ ಮೇಲೇ ಅವರು ಬಂದಿದ್ದು. ಈ ಮಾತಿನ ಅರ್ಥ ಇನ್ನು ಬರುವುದಿಲ್ಲ ಎಂದೇ. ಸುಪಾರ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾವಿಗೆ ಹೆದರಿದ್ರಾ ಅಮ್ಮಾ?" ಎಂದು ನಿಂಗ್ರುಮ್ ಸುಲಾಸ್ತ್ರಿಯನ್ನು ನೇರವಾಗಿ ಕೇಳಿಯೇಬಿಟ್ಟಳು.

ಸುಲಾಸ್ತ್ರಿ ಬಾಗಿಲಲ್ಲಿ ತಿರುಗಿ ನಿಂತರು. "ಹಾವಿಗಲ್ಲಮ್ಮ. ಬೆರಳು ಅಗಿಸ್ಕೊಂಡು ನಗ್ತಾ ಕೂತಿದ್ರಲ್ಲ ನಿಮ್ಮಪ್ಪ, ಅದಕ್ಕೆ. ಇಂಥ ಮನೆ ಹುಡುಗಿಗೆ ನಮ್ಮನೇಲಿ ಏನಾದ್ರೂ ನೋವಾದ್ರೆ ನಮಗೆ ಗೊತ್ತಾಗೋದಾದ್ರೂ ಹೇಗೆ?"

"ನಾನು ಕಿರುಚಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಇನ್ನೂ ನಿಂತಿದ್ದೀನಿ. ನಿಮ್ಮಪ್ಪ ಏನಂತಾರೆ?"

ನಿಂಗ್ರುಮ್ ಅಪ್ಪನತ್ತ ತಿರುಗಿದಳು. "ಬಾಪಾ, ನೋವಾಗ್ತಿದೆಯಾ?"

ಹರ್ಜೋನೊ ಊದಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಬೀಗರನ್ನು ನೋಡಿದ, ಬೇಲಿಯಾಚೆ ನೆರೆದ ನೆರೆಯವರನ್ನು ನೋಡಿದ. "ಏನೂ ಇ..." ಎನ್ನಹೋದವನಿಗೆ ಮಗಳ ಮುಖ ಕಂಡಿತು.

"ಸ್ವಲ್ಪ" ಎಂದ.

"ಸ್ವಲ್ಪಾನಾ?"

"ಅಯ್ಯೋ, ಸತ್ತೇಹೋದೆ ಕಣೇ!" ಎಂದು ಬಾಡಿಗೆ ಕುರ್ಚಿಯೊಂದರ ಮೇಲೆ ಕುಸಿದು ಗಲ್ಲಿಗೆಲ್ಲ ಕೇಳುವಂತೆ ಗೋಳೋ ಎಂದು ಅತ್ತ.

ಸುಲಾಸ್ತ್ರಿ ಒಳಗೆ ಬಂದು ಕೂತರು. "ಮೊದಲು ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಬರೋವರೆಗೂ ಇಲ್ಲೇ ಇರ್ತೀವಿ, ದಿನ ಗೊತ್ತು ಮಾಡ್ಕೊಂಡೇ ಹೋಗ್ತೀವಿ."