ಹಸಿರು ಪಾರ್ಸಲ್‌ನ ವಾರಸುದಾರರು

ಊರಿಗೆಲ್ಲ ಕೇಳುವ ಕಂಠ ಅವನದು. ಮನೆಯಲ್ಲಿ ಮಾತ್ರ ಮೂರು ಸಲ ಕೂಗಿದರೂ ಟವೆಲ್ ತಂದುಕೊಡುವವರಿರಲಿಲ್ಲ. "ಇದು ಸ್ಟೇಷನ್ ಅಲ್ಲ ಕಣೋ, ಬಂದು ತಗೊಂಡು ಹೋಗು" ಎಂದು ಅಕ್ಕ ರೇಗುತ್ತಿದ್ದಳು. ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವುದು ಅವನ ಕೆಲಸ. ವಯಸ್ಸು ಇಪ್ಪತ್ತಾರು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಜೊತೆಯವರು ಇಟ್ಟ ಹೆಸರು ರೇಡಿಯೋ. ಆ ಹೆಸರಿಗೆ ಬೇಸರಪಟ್ಟವನಂತೆ ಮುಖ ಮಾಡಿ ಒಳಗೊಳಗೇ ಉಬ್ಬುತ್ತಿದ್ದ.

ಮೊದಲನೇ ಪ್ಲಾಟ್‌ಫಾರ್ಮಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಗೂಡು ಅವನ ಕೋಣೆ. ಒಂದು ಮೈಕು, ಕೂತರೆ ಕುಂಟುವ ಕುರ್ಚಿ, ಕೆಳಗಿನದೆಲ್ಲ ಕಾಣುವ ಗಾಜಿನ ಕಿಟಕಿ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಸಿಬ್ಬಂದಿಗೆ ಮಾತ್ರ ಅರ್ಥವಾಗುವ ಪ್ರಕಟಣೆಗಳಿದ್ದವು. "ಗಡಿಯಾರ ರಿಪೇರಿಯವರು ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕು" ಎಂದರೆ ಅಲ್ಲಿ ಹೊಗೆ ಕಾಣಿಸಿದೆ ಎಂದರ್ಥ. "ಕೊಳಾಯಿ ಮೇಸ್ತ್ರಿ ಬರಬೇಕು" ಎಂದರೆ ಯಾರೋ ವಾಂತಿ ಮಾಡಿಕೊಂಡಿದ್ದಾರೆ, ಬಕೆಟ್ಟು ತನ್ನಿ ಎಂದು. ಪ್ರಯಾಣಿಕರು ಗಾಬರಿಯಾಗಬಾರದು, ಕೆಲಸದವರಿಗೆ ಸುದ್ದಿ ಮುಟ್ಟಬೇಕು, ಅಷ್ಟೆ. ಆ ಹಾಳೆಯಲ್ಲಿ ಇಲ್ಲದ ಒಂದನ್ನು ರೇಡಿಯೋ ತಾನೇ ಹೊಸೆದಿದ್ದ.

ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಹತ್ತೂ ನಲವತ್ತರ ಗಾಡಿಗೆ, ವಯಸ್ಸಾದ ಹೆಂಗಸೊಬ್ಬರು ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಆತನಿಗೆ ಡಯಾಲಿಸಿಸ್. ಕುರ್ಚಿ ಬೋಗಿಗೆ ಹತ್ತಬೇಕಾದರೆ ಇಳಿಜಾರು ಹಲಗೆ ಬೇಕು. ಹಲಗೆ ಎನ್ನುವುದು ಹೆಸರಿಗೆ. ಇಬ್ಬರು ಏದುಸಿರು ಬಿಟ್ಟು ಹೊರುವಂಥ ಕಬ್ಬಿಣ. ಅದನ್ನು ಹೊರುವುದಕ್ಕಿಂತ ಪೋರ್ಟರುಗಳಿಗೆ ಹೆಚ್ಚು ಭಯ ಆಕೆಯ ಪೆನ್ನಿನದು. ಹಲಗೆ ತಡವಾದ ದಿನ ದೂರಿನ ಪುಸ್ತಕ ಕೇಳಿ ತರಿಸಿಕೊಂಡು, ಕನ್ನಡಕ ಏರಿಸಿ, ದುಂಡಗಿನ ಅಕ್ಷರದಲ್ಲಿ ಗಂಟೆ ನಿಮಿಷ ಸಮೇತ ಬರೆಯುತ್ತಿದ್ದರು. ಮೂರನೇ ದೂರಿಗೆ ಹಿರಿಯ ಪೋರ್ಟರಿಗೆ ಮೇಲಿನಿಂದ ನೋಟೀಸು ಬಂತು.

"ಆಯಮ್ಮ ಬರೋದು ಮೊದಲೇ ಗೊತ್ತಾದ್ರೆ ಎಲ್ಲಾದ್ರೂ ತಲೆ ಮರೆಸ್ಕೋಬೋದು" ಎಂದ ಆತ. "ನಾವು ಕೈಗೆ ಸಿಗದಿದ್ರೆ ಬರೀಲಿ ಯಾರ ಮೇಲೆ? ಹೇಗೂ ಗಾಡಿಯಲ್ಲಿರೋ ನಾಲ್ಕು ಜನ ಎತ್ತಿ ಹತ್ತಿಸ್ತಾರೆ."

"ಅಷ್ಟೇನಾ? ಮೇಲೆ ನಾನಿಲ್ವಾ?" ಎಂದ ರೇಡಿಯೋ, ಎದೆ ಉಬ್ಬಿಸಿ.

ಮರು ಶುಕ್ರವಾರ ಗಾಲಿಕುರ್ಚಿ ಗೇಟು ದಾಟಿದ್ದೇ ತಡ, ಧ್ವನಿವರ್ಧಕ ಹೇಳಿತು: "ದಯವಿಟ್ಟು ಗಮನಿಸಿ. ಹಸಿರು ಪಾರ್ಸಲ್ ಬಂದಿದೆ. ವಾರಸುದಾರರು ಕಚೇರಿಯನ್ನು ಸಂಪರ್ಕಿಸಬೇಕು." ಎರಡು ನಿಮಿಷದಲ್ಲಿ ಪೋರ್ಟರುಗಳೆಲ್ಲ ಗೋದಾಮಿನ ಹಿಂದೆ ಮಾಯ. ಅಂದು ಪೋರ್ಟರುಗಳ ಗುಂಪೇ ಅವನಿಗೆ ಟೀ ಕುಡಿಸಿತು. ಮೂರು ತಿಂಗಳು ಅದೇ ದಿನ, ಅದೇ ಹೊತ್ತು, ಅದೇ ವಾಕ್ಯ. ಬದಲಾಯಿಸಬೇಕೆಂದು ಅವನ ಬುದ್ಧಿಗೆ ಹೊಳೆಯಲೇ ಇಲ್ಲ. ತನ್ನ ವಾಕ್ಯದ ಮೇಲೆ ಅವನಿಗೆ ಅಷ್ಟು ಮೋಹ.

ಆಮೇಲೊಂದು ಮಂಗಳವಾರ ಗಾಡಿಯಲ್ಲಿ ಜನ ಕಡಿಮೆ. ಪಾರ್ಸಲ್ ಬಂದಿದೆ ಎಂದು ಸಾರಿ ರೇಡಿಯೋ ಕಿಟಕಿಯಿಂದ ನೋಡುತ್ತಿದ್ದ. ಇಬ್ಬರು ವಿದ್ಯಾರ್ಥಿಗಳು ಕುರ್ಚಿ ಎತ್ತಲು ಹೋದರು. ಕುರ್ಚಿ ವಾಲಿತು, ಮುದುಕರು ಬಾಗಿಲ ಸರಳನ್ನು ಗಪ್ಪನೆ ಹಿಡಿದುಕೊಂಡರು, ಒಂದು ಚಪ್ಪಲಿ ಹಳಿಗೆ ಬಿತ್ತು. ಹುಡುಗರು ಹೆದರಿ ಕುರ್ಚಿಯನ್ನು ಕೆಳಗಿಳಿಸಿದರು. ಹೆಂಗಸು ಅತ್ತಿತ್ತ ತಿರುಗಿ ಪೋರ್ಟರುಗಳನ್ನು ಹುಡುಕಿದರು.

ಮೈಕು ಕೈಯಲ್ಲೇ ಇತ್ತು. "ಹಲಗೆ ತನ್ನಿ" ಎಂಬ ಎರಡು ಪದ ಸಾಕಿತ್ತು. ಆದರೆ ಹಾಗೆಂದರೆ ಪೋರ್ಟರುಗಳು ಎಲ್ಲಿ ಎಂದು ಕೆಳಗಿನ ಸ್ಟೇಷನ್ ಮಾಸ್ತರರು ಕೇಳುತ್ತಾರೆ. ಅಲ್ಲಿಂದ ಪಾರ್ಸಲ್ ಯಾವುದು ಎಂಬ ಪ್ರಶ್ನೆಗೆ ಎಷ್ಟು ದೂರ? ರೇಡಿಯೋ ಗಂಟಲು ಸರಿಮಾಡಿಕೊಂಡು, ಗಾಡಿ ಈಗ ಹೊರಡಲಿದೆ ಎಂದು ಘೋಷಿಸಿದ. ಉಚ್ಚಾರಣೆ ಅಂದೂ ಸ್ಪಷ್ಟವಾಗಿತ್ತು.

ಗಾಡಿ ಅವರನ್ನು ಬಿಟ್ಟು ಹೋದ ಸ್ವಲ್ಪ ಹೊತ್ತಿಗೆ ಕಬ್ಬಿಣದ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಆಕೆ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡರು.

"ಹಸಿರು ಪಾರ್ಸಲ್ ಬಂದಿದೆ ಕಣಪ್ಪ."

ಅವನು ಮೈಕು ಆರಿಸಿದ. "ಅದು ಆಫೀಸಿನ ವಿಷಯ ಅಮ್ಮಾ, ಅದು..."

"ಮೂವತ್ತು ವರ್ಷ ಸ್ಕೂಲಲ್ಲಿ ಹಾಜರಿ ಕೂಗಿದವಳು ನಾನು. ಟೀಚರ್ ಬಂದ್ರು ಅಂತ ಹುಡುಗ್ರು ಕೆಮ್ಮೋದು ನಂಗೆ ಗೊತ್ತಾಗಲ್ವಾ? ನಿನ್ನ ಕೆಮ್ಮು ಸ್ವಲ್ಪ ಜೋರು."

"ಮತ್ತೆ... ಇದನ್ನ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?"

"ಬರೆದ್ರೆ ನಮ್ಮ ಯಜಮಾನರಿಗೂ ಗೊತ್ತಾಗುತ್ತೆ. ಆ ಪಾರ್ಸಲ್ ಅಂದ್ರೆ ಅವರಿಗೆ ಎಷ್ಟು ಖುಷಿ ಗೊತ್ತಾ? 'ಯಾವ ಮರೆಗುಳಿನೇ ಇವನು, ಮತ್ತೆ ಬಿಟ್ಟು ಹೋಗಿದ್ದಾನಲ್ಲ' ಅಂತ ದಾರಿಯುದ್ದಕ್ಕೂ ನಗ್ತಾರೆ. ಅವನಿಗೊಂದು ಹೆಂಡ್ತಿ, ಮನೇಲಿ ದಿನಾ ಜಗಳ, ಏನೇನೋ ಕಟ್ತಾರೆ. ಸೂಜಿ ಚುಚ್ಚೋವಾಗ ನರ್ಸಿಗೂ ಅದೇ ಕತೆ." ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಬೈಯೋಕೆ ಬಂದಿಲ್ಲಪ್ಪ. ಹನ್ನೊಂದು ಮುಕ್ಕಾಲಿಗೆ ಇನ್ನೊಂದು ಗಾಡಿ ಇದೆ. ಅದೂ ತಪ್ಪಿದ್ರೆ ಮೆಷಿನ್ ಇನ್ನೊಬ್ಬರ ಪಾಲು. ಹಲಗೆ ಹಾಕ್ಸು. ಅವರಿಗೆ ಮಾತ್ರ ಏನೂ ಗೊತ್ತಾಗೋದು ಬೇಡ. ಇಷ್ಟೇ."

ರೇಡಿಯೋ ಆಕೆಯ ಹಿಂದೆಯೇ ಇಳಿದು ಗೋದಾಮಿನ ಕಡೆ ನಡೆದ. "ಏನೋ ರೇಡಿಯೋ, ಹೋಯ್ತಾ ಪಾರ್ಸಲ್ಲು?" ಎಂದು ಹಿರಿಯ ಪೋರ್ಟರ್ ಹಲ್ಲು ಕಿರಿದವನು, ಅವನ ಮುಖ ನೋಡಿ ಎದ್ದು ಹಲಗೆಗೆ ಕೈ ಹಾಕಿದ. ಇಬ್ಬರೂ ಹಲಗೆ ಹೊತ್ತು ತಂದರು. ಪ್ರತಿ ಹತ್ತು ಹೆಜ್ಜೆಗೊಮ್ಮೆ ಕೆಳಗಿಡುವಂತಾಯಿತು. ಮೈಕು ಬಿಟ್ಟು ಬೇರೇನನ್ನೂ ಎತ್ತದ ತೋಳು ಅವನದು.

"ಇಲ್ಲಿ ಇಡೋಣ" ಎಂದು ರೇಡಿಯೋ ಅಂದದ್ದಷ್ಟೆ, ಆ ದನಿಗೆ ಮುದುಕರ ಕಣ್ಣು ಅರಳಿತು.

"ಓಹೋ, ನೀನೇನಾ ಅದು! ಲೇ ಇವಳೇ, ನೋಡೇ, ಕಂಠ ಇಷ್ಟು, ಹುಡುಗ ಇಷ್ಟೇ!" ಒಂದು ಕಾಲು ಬರಿದು, ಕುರ್ಚಿಯ ಕಾಲಿಡುವ ಪಟ್ಟಿಯ ಮೇಲೆ ಊದಿಕೊಂಡು ಕೂತಿತ್ತು. "ನಿಜ ಹೇಳಪ್ಪ, ಆ ಪಾರ್ಸಲ್‌ನಲ್ಲಿ ಏನಿದೆ? ನಾನು ಬಟ್ಟೆ ಅಂತೀನಿ, ಇವಳು ಮಾತೇ ಆಡಲ್ಲ."

ಹೆಂಗಸು ಅವನನ್ನೇ ನೋಡುತ್ತಿದ್ದರು. ಬಟ್ಟೆಯೇ ತಾತ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರೇಡಿಯೋಗೆ ಆ ನಗುಮುಖವನ್ನು ಇನ್ನೊಂದು ಕ್ಷಣ ನೋಡಲಾಗಲಿಲ್ಲ. ಎದೆಯಲ್ಲಿ ಕುದಿಯುತ್ತಿದ್ದುದನ್ನು ಎಲ್ಲಾದರೂ ಚೆಲ್ಲಬೇಕಿತ್ತು.

"ಪಾರ್ಸಲ್ ಅಂತ ಏನೂ ಇಲ್ಲ ತಾತ. ನೀವು ಬರೋದನ್ನ ಹೇಳೋಕೆ ಅದು. ಹಲಗೆ ಹೊರಬೇಕಾಗುತ್ತಲ್ಲ, ಎಲ್ರೂ ತಪ್ಪಿಸಿಕೊಳ್ಳಲಿ ಅಂತ. ನಾನೇ ಮಾಡಿದ್ದು. ತಪ್ಪಾಯ್ತು ತಾತ."

ಹೇಳಿದ ಮರುಕ್ಷಣ ಅವನಿಗೆ ಹಗುರಾಯಿತು. ಆ ಹಗುರವೇ ಅವನನ್ನು ನಾಚಿಸಿತು. ಹಲಗೆ ಬಿಟ್ಟರೆ ಆಕೆ ಕೇಳಿದ್ದು ಒಂದೇ ಒಂದು. ಅದನ್ನೂ ಅವನು ತನ್ನ ಸಮಾಧಾನಕ್ಕೆ ಬಲಿಕೊಟ್ಟಿದ್ದ.

ಮುದುಕರ ನಗು ತಕ್ಷಣ ಅಳಿಯಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು.

"ಅಂದ್ರೆ ನಾನೇನಾ ಅದು" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿಂಗೆ ಗೊತ್ತಿತ್ತು."

ಆಕೆ ಆತನ ಬರಿಗಾಲಿಗೆ ಟವೆಲ್ ಸುತ್ತಿದರು. ಗಾಡಿ ಬಂತು. ರೇಡಿಯೋ ಹಲಗೆಯ ತುದಿಯನ್ನು ಮೊಳಕಾಲಿನಿಂದ ಒತ್ತಿ ಹಿಡಿದ, ಕುರ್ಚಿ ಒಳಗೆ ಹೋಯಿತು. ಬೋಗಿಯ ಕಿಟಕಿಯಲ್ಲಿ ಮುದುಕರು ಆಚೆ ಬದಿಗೆ ಮುಖ ಮಾಡಿದ್ದರು.

ಅಂದೇ ಸಂಜೆ ಅವನು ಮಾಸ್ತರರಿಗೆ ಎಲ್ಲ ಹೇಳಿದ. ಅವರು ಬೈದರು, ತಪ್ಪೊಪ್ಪಿಗೆ ಬರೆಸಿಕೊಂಡರು. ಪೋರ್ಟರುಗಳು ಎರಡು ದಿನ ಮಾತು ಬಿಟ್ಟರು. ಅದ್ಯಾವುದೂ ಅವನಿಗೆ ಅಷ್ಟಾಗಿ ತಟ್ಟಲಿಲ್ಲ.

ಶುಕ್ರವಾರ ಹತ್ತೂ ಕಾಲಿಗೇ ಹಲಗೆ ಸಿದ್ಧವಾಗಿತ್ತು, ಪಕ್ಕದಲ್ಲಿ ರೇಡಿಯೋ ನಿಂತಿದ್ದ. ಮುದುಕರ ಮುಖ ಊದಿತ್ತು. ಮಂಗಳವಾರ ತಡವಾಗಿ ಹೋದದ್ದಕ್ಕೆ ನಾಲ್ಕು ಗಂಟೆಯ ಬದಲು ಎರಡೇ ಗಂಟೆ ಮೆಷಿನ್ ಸಿಕ್ಕಿತಂತೆ. ಹೆಂಗಸು ಅದನ್ನು ದೂರಿನಂತೆ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದರು ಅಷ್ಟೆ.

"ತಾತ ಸಿಟ್ಟಾಗಿದ್ದಾರಾ ಅಮ್ಮಾ?" ಎಂದು ಪಿಸುಗುಟ್ಟಿದ.

"ಸಿಟ್ಟಾಗಿದ್ರೆ ಚೆನ್ನಾಗಿತ್ತು. ದಾರೀಲಿ ಮಾತೇ ಆಡಲ್ಲ ಕಣಪ್ಪ. ಪೇಪರ್ ಓದ್ತಾರೆ."

ಕುರ್ಚಿ ಹಲಗೆ ಏರಿತು. ಮುದುಕರು ತಿರುಗದೆಯೇ, ತೊಂದರೆ ಕೊಟ್ಟವರ ದನಿಯಲ್ಲಿ, "ಕೈ ನೋವಾಯ್ತೇನಪ್ಪ?" ಎಂದು ಕೇಳಿದರು. ರೇಡಿಯೋ ಇಲ್ಲವೆನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ.